ಮಹಾಕೂಟದ ಕೊಳಕ್ಕೊಂದು ಮಿತವ್ಯಯದ ಪ್ರವಾಸ

ಬಯಲುಸೀಮೆಯ ಬಾಲಕನಿಗೆ ನೀರೆಂಬುದು ಕೊಡದಲ್ಲಿ ತುಂಬಿಟ್ಟು ಕಾಪಾಡುವ ವಸ್ತು. ಅದರೊಳಗೆ ಇಳಿದು ಕೈಕಾಲು ಬಡಿಯಬಹುದೆಂಬುದು ಅವನ ಪಾಲಿಗೆ ಕೇಳಿದ ಕಥೆಯೇ ಸರಿ. ಹನ್ನೆರಡನೆಯ ಶತಮಾನದಲ್ಲಿ ಸಿಂದ ಅರಸರ ರಾಜಧಾನಿಯಾಗಿ ಎರಂಬರಗೆಯೆಂದು ಹೆಸರಾಗಿದ್ದ ಯಲಬುರ್ಗಾ ಹೊಳೆಯ ದಂಡೆಯ ಊರಲ್ಲ. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆಯನ್ನು ಮಾತ್ರ ಕಾಣುವ ಈ ನೆಲದಲ್ಲಿ ಹಿಂದಿನವರಿಗೆ ಈಜು ಕಲಿಸಿದ್ದು ಹೊಲದ ತೆರೆದ ಬಾವಿ. ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿ, ಸೊಂಟಕ್ಕೆ ಹಗ್ಗ ಬಿಗಿದು, ಹಿರಿಯರು ಮೇಲಿನಿಂದ ನೂಕುತ್ತಿದ್ದರು. ಕೊಳವೆ ಬಾವಿಗಳು ಆಳಕ್ಕೆ ಇಳಿದಂತೆಲ್ಲ ಆ ಬಾವಿಗಳು ಬತ್ತಿದವು. ಎಷ್ಟೋ ಬಾವಿಗಳಲ್ಲಿ ಕಲ್ಲುಮಣ್ಣು ತುಂಬಿತು. ಅವುಗಳೊಡನೆ ಒಂದು ವಿದ್ಯೆಯೂ ಹೋಯಿತು. ಯಾವ ಪಠ್ಯಕ್ರಮದಲ್ಲಿಯೂ ಇಲ್ಲದ ವಿದ್ಯೆಯಾದುದರಿಂದ ಅದು ಹೋದದ್ದು ಯಾರ ಲೆಕ್ಕಕ್ಕೂ ಬರಲಿಲ್ಲ.

ತಾಲೂಕಿನ ಪ್ರೌಢಶಾಲೆಯೊಂದರ ಮಾಸ್ತರರು ಒಂಬತ್ತನೆಯ ತರಗತಿಯಲ್ಲಿ, ಈಸು ಬಲ್ಲವರು ಕೈಯೆತ್ತಿರೆಂದು ಕೇಳಿದಾಗ ಮೂವತ್ತಾರು ಮಕ್ಕಳಲ್ಲಿ ಮೇಲೆದ್ದ ಕೈಗಳು ಮೂರು. ಅಂದು ಸಂಜೆಯೇ ಅವರು ಪ್ರವಾಸದ ಯೋಜನೆಗೆ ಕುಳಿತರು.

ಮಕ್ಕಳ ಮನಸ್ಸು ಮಲೆನಾಡಿನ ಜಲಪಾತಗಳ ಮೇಲಿತ್ತು. ಪಾಲಕರ ಗಂಟು ಅಷ್ಟು ದೂರ ಬರುವಂಥದಲ್ಲ. ಗಂಗಾವತಿಯ ಕಡೆಯ ಸಣಾಪುರ ಸಮೀಪದ್ದೆಂದು ಕೆಲವರು ಸೂಚಿಸಿದರು. ಆದರೆ 2025ರ ಫೆಬ್ರವರಿಯಲ್ಲಿ ಅಲ್ಲಿಯೇ ಬಂಡೆಯ ಮೇಲಿನಿಂದ ತುಂಗಭದ್ರೆಗೆ ಜಿಗಿದ ಪ್ರವಾಸಿಯೊಬ್ಬರು ಸೆಳವಿಗೆ ಸಿಕ್ಕು ಅಸುನೀಗಿದ್ದನ್ನು ಮಾಸ್ತರರು ಮರೆತಿರಲಿಲ್ಲ. ಕುಷ್ಟಗಿ ತಾಲೂಕಿನ ಕಬ್ಬರಗಿಯ ಕಪಿಲತೀರ್ಥವು ರಮ್ಯವಾದ ತಾಣವಾದರೂ ಮಳೆಗಾಲದ ಅತಿಥಿ. ಮಳೆ ನಿಂತರೆ ಬಂಡೆ ಮಾತ್ರ ಉಳಿಯುತ್ತದೆ, ಮಳೆಯಿರುವಾಗ ಬಂಡೆ ಜಾರುತ್ತದೆ. ಕಡೆಗೆ ನಿಂತದ್ದು ಬಾದಾಮಿಯ ಬಳಿಯ ಮಹಾಕೂಟ.

ಈ ಆಯ್ಕೆ ಯುಕ್ತವಾದುದೆಂಬುದರಲ್ಲಿ ಸಂದೇಹವಿಲ್ಲ. ಅಲ್ಲಿಯ ಗುಡ್ಡಗಳು ಮರಳುಗಲ್ಲಿನವು. ಮೇಲೆ ಬಿದ್ದ ಮಳೆ ಕಲ್ಲಿನ ಬಿರುಕುಗಳಲ್ಲಿ ಇಂಗಿ, ನಿಧಾನವಾಗಿ ಕೆಳಗಿಳಿದು, ಬುಡದಲ್ಲಿ ಊಟೆಯಾಗಿ ಹೊರಬೀಳುತ್ತದೆ. ಆದ್ದರಿಂದಲೇ ಸುತ್ತಲಿನ ಕುರುಚಲು ಕಾಡು ಒಣಗಿ ನಿಂತಾಗಲೂ ವಿಷ್ಣು ಪುಷ್ಕರಿಣಿಯಲ್ಲಿ ತಿಳಿನೀರು ಇರುತ್ತದೆ. ಹರಿವಿನ ಸೆಳೆತವಿಲ್ಲ, ಇಳಿಯಲು ಮೆಟ್ಟಿಲುಗಳಿವೆ, ನೀರಿನಲ್ಲಿಯೇ ಮುಖಲಿಂಗವಿರುವ ಪುಟ್ಟ ಮಂಟಪವಿದೆ. ಇತಿಹಾಸದ ಪಾಠವೂ ಪುಕ್ಕಟೆಯಾಗಿ ದೊರೆಯುತ್ತದೆ. ಚಾಲುಕ್ಯ ವಿಜಯಾದಿತ್ಯನ ಪ್ರಾಣವಲ್ಲಭೆ ವಿನಾಪೋಟಿಯು ಮಾಣಿಕ್ಯದ ಪೀಠವನ್ನೂ ಬೆಳ್ಳಿಯ ಕೊಡೆಯನ್ನೂ ಅರ್ಪಿಸಿದ ಕನ್ನಡ ಶಾಸನ ಅಲ್ಲಿದೆ. ಮಂಗಲೇಶನ ಸ್ತಂಭಶಾಸನವನ್ನು ಮಾತ್ರ ಅಲ್ಲಿ ಹುಡುಕಿ ದಣಿಯಬಾರದು. ಅದು ವಿಜಯಪುರದ ಗೋಲಗುಂಬಜದ ವಸ್ತುಸಂಗ್ರಹಾಲಯವನ್ನು ಸೇರಿದೆ.

ವೆಚ್ಚದ ವಿಚಾರ ಸ್ವಾರಸ್ಯಕರವಾದುದು. 2025ರ ಮೇ ತಿಂಗಳಿನಿಂದ ಕುಷ್ಟಗಿ–ಹುಬ್ಬಳ್ಳಿ ರೈಲು ಯಲಬುರ್ಗಾದ ಮೇಲೆ ಹಾಯುವುದರಿಂದ, ಗದಗಿನಲ್ಲಿ ಗಾಡಿ ಬದಲಿಸಿ ಬಾದಾಮಿಗೆ ಹೋಗುವ ದಾರಿಯೊಂದು ತೆರೆದಿತ್ತು. ಆದರೆ ಗದಗಿನಲ್ಲಿ ಕಾಯುವ ಹೊತ್ತನ್ನು ನೆನೆದು ಮಾಸ್ತರರು ಗಜೇಂದ್ರಗಡದ ಮೇಲಿನ ಬಸ್ಸಿನ ದಾರಿಯನ್ನೇ ಹಿಡಿದರು. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದಾಗಿ ಇಪ್ಪತ್ತು ಜನ ಬಾಲಕಿಯರಿಗೆ ಬಸ್ಸಿನ ಖರ್ಚೇ ಇಲ್ಲ. ಗುರುತಿನ ಚೀಟಿ ಇದ್ದರಾಯಿತು. ಹದಿನಾರು ಬಾಲಕರ ಟಿಕೀಟಿನ ಹಣವನ್ನು ಮೂವತ್ತಾರು ಪಾಲು ಮಾಡಬೇಕೆಂದು ಬಾಲಕರು ವಾದಿಸಿದರು. ಬಾಲಕಿಯರು ಒಪ್ಪಲಿಲ್ಲ, ಬದಲಾಗಿ ಬುತ್ತಿಯ ಭಾರವನ್ನು ತಾವೇ ವಹಿಸಿಕೊಂಡರು. ಕಟಕ ರೊಟ್ಟಿ, ಶೇಂಗಾ ಚಟ್ನಿ, ಮಡಿಕೆ ಕಾಳಿನ ಪಲ್ಯ, ಗಟ್ಟಿ ಮೊಸರು: ಇಷ್ಟಾದರೆ ಹೊಟೇಲಿನ ಮುಖ ನೋಡುವ ಪ್ರಮೇಯವಿಲ್ಲ. ಬಾದಾಮಿಯಿಂದ ಮಹಾಕೂಟಕ್ಕೆ ಹೋಗುವಾಗ ಗುಡ್ಡದ ಕಾಲುದಾರಿ, ಒದ್ದೆ ಬಟ್ಟೆಯಲ್ಲಿ ಮರಳುವಾಗ ಬಾಡಿಗೆಯ ಟೆಂಪೊ. ಬನದ ಹುಣ್ಣಿಮೆಗೆ ಬನಶಂಕರಿಯ ಜಾತ್ರೆ ನೆರೆಯುವುದರಿಂದ ಆ ದಿನಗಳನ್ನು ಬಿಟ್ಟು, ದೀಪಾವಳಿ ಕಳೆದ ನಂತರದ ಒಂದು ಮಂಗಳವಾರವನ್ನು ಗೊತ್ತುಪಡಿಸಲಾಯಿತು.

ಹಣದ ಲೆಕ್ಕ ಒಂದೇ ಪುಟದಲ್ಲಿ ಮುಗಿಯಿತು. ಭಯದ ಲೆಕ್ಕ ಅಷ್ಟು ಬೇಗ ಮುಗಿಯಲಿಲ್ಲ. 2024ರ ಡಿಸೆಂಬರಿನಲ್ಲಿ ಮುರುಡೇಶ್ವರದ ಕಡಲಿನಲ್ಲಿ ಕೋಲಾರ ಜಿಲ್ಲೆಯ ವಸತಿ ಶಾಲೆಯ ನಾಲ್ವರು ವಿದ್ಯಾರ್ಥಿನಿಯರು ಮುಳುಗಿ ತೀರಿಕೊಂಡ ಸುದ್ದಿಯನ್ನು ಮುಖ್ಯೋಪಾಧ್ಯಾಯರು ಮೇಜಿನ ಮೇಲಿಟ್ಟು, ಇದಕ್ಕೆ ನಿಮ್ಮ ಉತ್ತರವೇನೆಂದು ಕೇಳಿದರು. ಆ ಪ್ರಶ್ನೆ ನ್ಯಾಯವಾದುದೇ. ಮಕ್ಕಳನ್ನು ನೀರಿನಿಂದ ದೂರವಿಡುವುದು ಸುಲಭ. ದೂರವಿಟ್ಟ ಮಕ್ಕಳೇ ಮುಂದೊಮ್ಮೆ ಹಿರಿಯರಿಲ್ಲದಾಗ ಕೃಷಿಹೊಂಡಕ್ಕೋ ಕ್ವಾರಿಯ ಗುಂಡಿಗೋ ಇಳಿಯುತ್ತಾರೆ. ಮಾಸ್ತರರು ಬರೆದುಕೊಟ್ಟ ಉತ್ತರದಲ್ಲಿ ಭಾಷಣವಿರಲಿಲ್ಲ, ಕಟ್ಟಳೆಗಳಿದ್ದವು. ಒಂದು ಸಲಕ್ಕೆ ಆರು ಮಕ್ಕಳು ಮಾತ್ರ ನೀರಿಗೆ, ಪ್ರತಿಯೊಬ್ಬರಿಗೂ ಒಬ್ಬ ಜೊತೆಗಾರ, ಹತ್ತು ನಿಮಿಷಕ್ಕೊಮ್ಮೆ ಹೆಸರು ಕೂಗಿ ಎಣಿಕೆ, ಮೆಟ್ಟಿಲು ಬಿಟ್ಟು ಆಚೆ ಯಾರೂ ಹೋಗಕೂಡದು, ಜಿಗಿತವಂತೂ ಸಲ್ಲದು, ಊಟವಾದ ಮೇಲೆ ನೀರಿಲ್ಲ. ಭಕ್ತರ ತೀರ್ಥವಾದುದರಿಂದ ಸಾಬೂನಿಗೂ ಆಸ್ಪದವಿಲ್ಲ. ಕೊಳದ ಅಂಚಿನಲ್ಲಿ ಹಗ್ಗ ಹಿಡಿದು ನಿಲ್ಲಲು ಈಜು ಬಲ್ಲ ಇಬ್ಬರು ಪಾಲಕರು.

ನೀರಿನೊಳಗೆ ನಿಂತು ಕಲಿಸಲು ಒಪ್ಪಿದವರು ಊರ ಹೊರಗಿನ ವೃದ್ಧ ರೈತರು. ಅವರ ಬಾವಿಯಲ್ಲಿ ಈಜು ಕಲಿತವರಲ್ಲಿ ಈಗ ಮೊಮ್ಮಕ್ಕಳನ್ನು ಕಂಡವರಿದ್ದಾರೆ. ಬಾವಿ ಬತ್ತಿ ವರ್ಷಗಳೇ ಸಂದರೂ ಪಡಸಾಲೆಯ ಜಂತಿಗೆ ಎರಡು ಸೋರೆಬುರುಡೆಗಳು ಇನ್ನೂ ಜೋತಾಡುತ್ತಿದ್ದವು. ಅವರು ಕೆಳಗಿಳಿಸಿ, ಬೆರಳಿನಿಂದ ಬಡಿದು, ಕಿವಿಗಿಟ್ಟು ಕೇಳಿದರು. ಒಂದರಲ್ಲಿ ಸೀಳು ಬಿಟ್ಟಿತ್ತು. ಇನ್ನೊಂದು ಗಟ್ಟಿಯಾಗಿತ್ತು.

ಒಪ್ಪಿಗೆಯ ಪತ್ರಗಳು ಮೂವತ್ತೈದು ಬಂದವು. ಬಾರದೆ ಉಳಿದದ್ದು ಒಬ್ಬ ಹುಡುಗಿಯ ತಾಯಿಯದು. ಆಕೆಯ ತಮ್ಮ ಎಳೆಯ ವಯಸ್ಸಿನಲ್ಲಿ ಬಾವಿಗೆ ಬಿದ್ದು ಹೋದವನು. ಮಾಸ್ತರರು ಮನೆಗೆ ಹೋಗಿ ಕಟ್ಟಳೆಗಳನ್ನೆಲ್ಲ ಓದಿ ಹೇಳಿದರೇ ಹೊರತು ಒತ್ತಾಯಿಸಲಿಲ್ಲ. ಆಕೆ ಉತ್ತರಿಸದೆ ಚಹಾ ಕೊಟ್ಟು ಕಳಿಸಿದರು. ಹೊರಡುವ ಹಿಂದಿನ ದಿನ ಹುಡುಗಿ ಸಹಿಯಾದ ಚೀಟಿ ತಂದಳು: ಮಗಳು ಮೆಟ್ಟಿಲ ಮೇಲೆ ಕುಳಿತು ನೀರಿನಲ್ಲಿ ಕಾಲು ಇಳಿಬಿಡಬಹುದು, ಅದಕ್ಕಿಂತ ಹೆಚ್ಚಿಗೆ ಬೇಡ, ಆ ಎಣಿಕೆಯ ಪಟ್ಟಿಯನ್ನು ತಾನೇ ಹಿಡಿಯುವುದಾಗಿ ಮಗಳು ಹೇಳಿದ್ದಾಳೆ. ಮಾಸ್ತರರು ಪಟ್ಟಿಯನ್ನು ಅವಳ ಕೈಗೆ ಕೊಟ್ಟು, ಮೂವತ್ತಾರನೆಯ ಹೆಸರನ್ನು ಬರೆದುಕೊಂಡರು.