ನಸುಕಿನ ನಾಲ್ಕಕ್ಕೆ ಜಯನಗರ ಬಿಟ್ಟವರು

ಭಾನುವಾರ ನಸುಕಿನ ನಾಲ್ಕು. ಜಯನಗರದ ಬೀದಿನಾಯಿಗಳಿಗೂ ಇನ್ನೂ ನಿದ್ದೆ. ಹೆಲ್ಮೆಟ್ಟಿಗೆ ಕೆಂಪು ದೀಪ ಸಿಕ್ಕಿಸಿಕೊಂಡ ನಾಲ್ಕಾರು ಮಂದಿ ಸದ್ದಿಲ್ಲದೆ ಹೆಬ್ಬಾಳದ ಕಡೆ ಸೈಕಲ್ ತುಳಿಯುತ್ತಾರೆ. ಗುರಿ ನಂದಿಬೆಟ್ಟ.

ದಕ್ಷಿಣ ಬೆಂಗಳೂರಿನವರಿಗೆ ಇದು ತುಸು ದುಬಾರಿ ಹವ್ಯಾಸ. ಊರನ್ನು ಈ ತುದಿಯಿಂದ ಆ ತುದಿಗೆ ಸೀಳಿಕೊಂಡು, ದೇವನಹಳ್ಳಿ ದಾಟಿ, 60 ಕಿ.ಮೀ.ಗೂ ಹೆಚ್ಚು ತುಳಿದ ಮೇಲಷ್ಟೇ ಬೆಟ್ಟದ ಬುಡ. ಅಸಲಿ ಪರೀಕ್ಷೆ ಅಲ್ಲಿಂದಾಚೆಗೆ. 1,478 ಮೀಟರ್ ಎತ್ತರದ ಆ ಬೆಟ್ಟದ ತಿರುವುಗಳಲ್ಲಿ ಗೇರ್ ಮುಗಿದಿರುತ್ತದೆ, ಉಸಿರೂ ಮುಗಿದಿರುತ್ತದೆ, ರಸ್ತೆ ಮಾತ್ರ ಮುಗಿದಿರುವುದಿಲ್ಲ.

ಈ ಹುಚ್ಚು ಹಿಡಿದವರ ಮುಂದಿನ ಮೆಟ್ಟಿಲು ಬ್ರೆವೆ ಎಂಬ ದೂರದ ಸೈಕಲ್ ಸವಾರಿ: 200 ಕಿ.ಮೀ.ಗೆ ಹದಿಮೂರೂವರೆ ಗಂಟೆ ಗಡುವು. ಅದರಾಚೆಗೆ 2008ರಲ್ಲಿ ಶುರುವಾದ 'ಟೂರ್ ಆಫ್ ನೀಲ್ಗಿರೀಸ್'. ಡಿಸೆಂಬರಿನ ಈ ಯಾತ್ರೆಯ ಹೆಸರು ಕೇಳಿದರೆ ಹಳಬರಿಗೆ ನೆನಪಾಗುವುದು ಮಸಿನಗುಡಿಯಿಂದ ಊಟಿಗೆ ಏರುವ ಕಲ್ಹಟ್ಟಿ ಘಾಟಿ. 36 ಕಡಿದಾದ ತಿರುವುಗಳು. ಅಲ್ಲಿ ಸೈಕಲ್ ಇಳಿದು ತಳ್ಳಿದರೆ ಯಾರೂ ನಗುವುದಿಲ್ಲ.

ತಮಾಷೆಯೆಂದರೆ, 2012ರಲ್ಲಿ ಇದೇ ಜಯನಗರದಲ್ಲಿ ಸೈಕಲ್‌ಗೆಂದೇ ಪ್ರತ್ಯೇಕ ಪಥ ಬಂದಿತ್ತು. ಕ್ರಮೇಣ ಅದರ ಮೇಲೆ ಕಾರುಗಳು ಬಂದು ನಿಂತವು. ಬೆಟ್ಟ ಹತ್ತುವುದಕ್ಕಿಂತ ನಾಲ್ಕನೇ ಬ್ಲಾಕಿಗೆ ತರಕಾರಿ ತರಲು ಸೈಕಲ್‌ನಲ್ಲಿ ಹೋಗುವುದೇ ಕಷ್ಟ ಎಂದು ಸವಾರರು ಗೊಣಗಿದರೆ ತಪ್ಪೇನಿಲ್ಲ.

ಹತ್ತೂವರೆಗೆ ಅದೇ ತಂಡ ಬೆವರಿನ ಉಪ್ಪು ಮೆತ್ತಿದ ಜೆರ್ಸಿಯಲ್ಲೇ ದರ್ಶಿನಿಯೊಂದರ ಮುಂದೆ ಪ್ರತ್ಯಕ್ಷ. ಎರಡನೇ ಮಸಾಲೆ ದೋಸೆ ಹೇಳಿಯಾಗಿದೆ.