ಹೋಳ್ಕರ ಸೇತುವೆಯ ಕೆಳಗೆ

ಖಡಕಿಗೆ ಹೋಗುವುದೆಂದರೆ ಪುಣೆಯವರಾದ ನಮಗೆ ದೊಡ್ಡ ಪ್ರವಾಸವೇನಲ್ಲ. ಶಿವಾಜಿನಗರದಲ್ಲಿ ಲೋಣಾವಳೆಯ ಲೋಕಲ್ ಹತ್ತಿದರೆ ಮುಂದಿನ ನಿಲ್ದಾಣವೇ ಅದು. 1817ರ ನವೆಂಬರ್ 5ರಂದು ಪೇಶವೆಯ ದಂಡಿಗೂ ಇಂಗ್ಲಿಷರಿಗೂ ಕಾಳಗ ನಡೆದ ನೆಲ. ಇಂದು ಸೈನಿಕರ ಬೀಡು, ಮದ್ದುಗುಂಡಿನ ಕಾರ್ಖಾನೆ. ಆದರೆ ಮೊನ್ನೆ ರವಿವಾರ ನಾವು ಹೋದದ್ದು ಇವನ್ನು ನೋಡಲಿಕ್ಕಲ್ಲ. ಅಫಜಲಪುರದ ಕಡೆಯಿಂದ ಬಂದ ಮೈದುನನ ಮನಸ್ಸು ನೆಟ್ಟಗಿರಲಿಲ್ಲ. ಹೊಳೆಯ ದಂಡೆಗೆ ತಿರುಗಾಡಿಸಲು ಕರೆದೊಯ್ದೆವು.

ಆತ ಸಾಲ ಮಾಡಿ ಕೃಷಿಹೊಂಡದಲ್ಲಿ ಜಿಲೇಬಿ ಮೀನು ಸಾಕಿದ್ದ. ಮಳೆಗಾಲದ ಒಂದು ಮುಂಜಾನೆ ನೋಡಿದರೆ ಮೀನುಗಳು ಸತ್ತು ತೇಲುತ್ತಿದ್ದವು. ಪಕ್ಕದ ಹೊಲದ ದೊಡ್ಡಪ್ಪನ ಮಗನೇ ವಿಷ ಹಾಕಿದನೆಂದು ನಂಬಿ, ಅಂದಿನಿಂದ ಅಣ್ಣನೊಡನೆ ಮಾತು ಬಿಟ್ಟಿದ್ದ.

ಹೋಳ್ಕರ ಸೇತುವೆಯ ಕೆಳಗೆ ಮುಳಾ ನದಿ ಕಪ್ಪಗೆ ಹರಿಯುತ್ತಿತ್ತು. ಅಲ್ಲಲ್ಲಿ ಅಂತರಗಂಗೆ, ಮೂಗಿಗೆ ಸೆರಗು ಹಿಡಿಯುವಂಥ ನಾತ. ಅಲ್ಲಿಯೂ ಒಬ್ಬ ಮುದುಕರು ಗಾಳ ಹಾಕಿ ಕುಳಿತಿದ್ದರು. ಬುಟ್ಟಿಯಲ್ಲಿ ನಾಲ್ಕಾರು ಮೀನು. “ಕಾಕಾ, ಇಂಥ ನೀರಿನಲ್ಲಿಯೂ ಮೀನೇ?” ಎಂದೆವು.

“ಚಿಲಾಪಿ. ಬೇರೆಯವು ಬದುಕದ ಕಡೆಯಲ್ಲಿಯೂ ಇದು ಬದುಕುತ್ತದೆ,” ಎಂದರು.

ನಮ್ಮ ಜಿಲೇಬಿಯೇ ಇವರ ಚಿಲಾಪಿ! ಆಫ್ರಿಕದ ಈ ಮೀನು 1952ರಲ್ಲಿ ನಮ್ಮ ದೇಶಕ್ಕೆ ಬಂತು.

“ನೋಡಿರಿ, ಗಟಾರದ ನೀರಿನಲ್ಲಿಯೇ ಸಾಯದ್ದು ನಮ್ಮ ಹೊಂಡದಲ್ಲಿ ಹ್ಯಾಂಗ ಸಾಯ್ತದ? ವಿಷಾನೇ!” ಎಂದ ಮೈದುನ.

ಮುದುಕರು ಅವನ ಕಡೆ ತಿರುಗಿ ಕೇಳಿದರು: “ಸತ್ತದ್ದು ಬೆಳಗಿನ ಜಾವವೇ? ಹಿಂದಿನ ದಿನ ಮೋಡವಿತ್ತೇ? ದೊಡ್ಡವು ಸತ್ತು ಸಣ್ಣವು ಉಳಿದವೇ?” ಮೂರಕ್ಕೂ ಮೈದುನ ಹೌದೆಂದ. “ಹಾಗಾದರೆ ವಿಷವಲ್ಲ, ಉಸಿರುಗಟ್ಟಿದ್ದು.”

ಮಾತು ನಿಜ. ಹಗಲು ಬಿಸಿಲಿದ್ದರೆ ನೀರಿನ ಹಸಿರು ಪಾಚಿ ಆಮ್ಲಜನಕ ಕೊಡುತ್ತದೆ. ರಾತ್ರಿ ಆ ಪಾಚಿಯೂ ಮೀನಿನ ಜೊತೆಗೆ ಅದನ್ನೇ ಉಸಿರಾಡುತ್ತದೆ. ಮೋಡದ ದಿನ ಗಳಿಕೆ ಕಡಿಮೆ, ಖರ್ಚು ಅಷ್ಟೇ; ನಸುಕಿಗೆ ಗಂಟು ಖಾಲಿ. ಲೀಟರಿಗೆ 5 ಮಿಲಿಗ್ರಾಂ ಆಮ್ಲಜನಕವಿದ್ದರೆ ಮೀನಿಗೆ ಸುಖ. ದೊಡ್ಡ ಮೀನಿಗೆ ಹೆಚ್ಚು ಬೇಕು, ಅದೇ ಮೊದಲು ಸೋಲುತ್ತದೆ. ತಿನ್ನದೆ ಉಳಿದ ಆಹಾರವೂ ಹಿಕ್ಕೆಯೂ ಕೊಳೆತು ಅಮೋನಿಯವಾದರೆ ಕಿವಿರು ಕೆಡುತ್ತದೆ; ಸೊರಗಿದ ಮೀನಿಗೆ ರೋಗ ಬೇಗ ಅಂಟುತ್ತದೆ. ಹೊಳೆಯಲ್ಲಿ ಮೀನಿಗೆ ಸರಿದುಹೋಗಲು ದಾರಿಯುಂಟು. ಒತ್ತಾಗಿ ತುಂಬಿದ ಹೊಂಡದಲ್ಲಿ ಎಲ್ಲಿಗೆ ಹೋದೀತು?

ಮುದುಕರು ಉಪಾಯವನ್ನೂ ಹೇಳಿದರು. ಮೊಣಕೈವರೆಗೆ ಕೈ ಮುಳುಗಿಸಿ ನೋಡಬೇಕು. ಅಂಗೈ ಕಾಣದಷ್ಟು ನೀರು ಹಸಿರಾಗಿದ್ದರೆ ಗೊಬ್ಬರ ನಿಲ್ಲಿಸಿ ಹೊಸ ನೀರು ಬಿಡಬೇಕು. ಮೋಡದ ದಿನ ಆಹಾರ ಕಡಿಮೆ. ನಸುಕಿನಲ್ಲಿ ಮೀನು ಮೇಲೆ ಬಂದು ಬಾಯಿ ತೆರೆಯುತ್ತಿದ್ದರೆ ಪಂಪು ಹಚ್ಚಿ ನೀರನ್ನು ಎತ್ತರದಿಂದ ಸುರಿಸಬೇಕು.

ಮೀನು ಕೊಳ್ಳಲು ನಮಗೆ ಮನಸ್ಸಾಗಲಿಲ್ಲ. ಈ ನೀರು ಮುಠೆಯನ್ನು ಕೂಡಿ, ಭೀಮೆಗೆ ಸೇರಿ, ಉಜನಿ ಜಲಾಶಯ ದಾಟಿ ನಮ್ಮ ಗಾಣಗಾಪುರದ ಕಡೆಗೇ ಹೋಗುವುದಲ್ಲವೇ ಎಂಬ ಯೋಚನೆ ಮಾತ್ರ ಮನೆಯವರೆಗೂ ಬಂತು.

ಖಡಕಿ ನಿಲ್ದಾಣದಲ್ಲಿ ಗಾಡಿ ಬರುವುದು ತಡವಾಯಿತು. ಮೈದುನ ತುಸು ದೂರ ಹೋಗಿ ಫೋನು ಹಚ್ಚಿದ. “ಅಣ್ಣಾ, ನಾನು…” ಎಂದದ್ದಷ್ಟೇ ನಮಗೆ ಕೇಳಿಸಿತು. ಉಳಿದದ್ದನ್ನು ನಾವು ಕೇಳಹೋಗಲಿಲ್ಲ.