ಹುಣಸೆ ಬಡಿಯದ ಊರು

ಹೋದ ಮಾರ್ಚ್‌ನಲ್ಲಿ ಅಪ್ಪ ಮೈಸೂರಿಗೆ ಬಂದಿದ್ದರು. ಐದು ವರ್ಷದಿಂದ ನಾನು ಇಲ್ಲಿ ಪಿಎಚ್.ಡಿ. ಮಾಡುತ್ತಿದ್ದರೂ ಅವರು ಬಂದದ್ದು ಅದೇ ಮೊದಲು. ಆ ತಿಂಗಳಿಗೆ ನನ್ನ ಫೆಲೋಶಿಪ್ ಮುಗಿಯುತ್ತಿತ್ತು. ಹಾಸ್ಟೆಲ್ ಖಾಲಿ ಮಾಡಬೇಕಿತ್ತು, ಎರಡು ಅಧ್ಯಾಯ ಇನ್ನೂ ಬಾಕಿ. ಇದ್ಯಾವುದನ್ನೂ ಮನೆಯಲ್ಲಿ ಹೇಳಿರಲಿಲ್ಲ. ಹೇಳುವುದನ್ನು ಮುಂದೂಡಲಿಕ್ಕೆಂದೇ ಅವರನ್ನು ಹಕ್ಕಿ ನೋಡಲು ಕರೆದುಕೊಂಡು ಹೊರಟೆ ಅಂದರೂ ತಪ್ಪಿಲ್ಲ.

ಮೊದಲು ಕಾರಂಜಿ ಕೆರೆ. ಅಲ್ಲಿನ ಪಕ್ಷಿಧಾಮವೆಂದರೆ ಮರಗಿಡಗಳ ಸಮೇತ ಬಲೆ ಹೊದಿಸಿದ ದೊಡ್ಡ ಪಂಜರ. ನಾವೇ ಒಳಹೊಕ್ಕು ಓಡಾಡಬಹುದು. ನವಿಲೊಂದು ನಮ್ಮ ಪಕ್ಕದಲ್ಲೇ ಹಾದುಹೋಯಿತು. ತುಮಕೂರು ಸೀಮೆಯ ರೈತರಿಗೆ ನವಿಲೇನು ಹೊಸದೇ! ‘ನಮ್ಮ ಹೊಲದಾಗೆ ಇವನ್ನ ಓಡ್ಸಕ್ಕೇ ಒಂದಾಳು ಬೇಕು. ಇಲ್ಲಿ ದುಡ್ಡು ಕೊಟ್ಟು ನೋಡ್ಬೇಕೇನವ್ವಾ?’ ಎಂದರು.

ಮಾರನೆಯ ದಿನ ರಂಗನತಿಟ್ಟು. ಹದಿನೇಳನೇ ಶತಮಾನದಲ್ಲಿ ಕಾವೇರಿಗೆ ಕಟ್ಟಿದ ಒಡ್ಡಿನಿಂದ ಆದ ನಡುಗಡ್ಡೆಗಳು ಇವು. ಸಲೀಂ ಅಲಿಯವರು ಒತ್ತಾಯಿಸಿದ ಮೇಲೆ 1940ರಲ್ಲಿ ಪಕ್ಷಿಧಾಮವಾಯಿತು, 2022ರಲ್ಲಿ ರಾಮ್ಸರ್ ಪಟ್ಟಿಗೂ ಸೇರಿತು. ಇಷ್ಟನ್ನೂ ಅಪ್ಪನಿಗೆ ಒಪ್ಪಿಸಿದೆ. ಅವರು ಕೇಳಿದ್ದು ಮಾತ್ರ ‘ಅದ್ಯಾವ ಹಕ್ಕಿ?’ ಎಂದು. ನನಗೆ ಗೊತ್ತಿರಲಿಲ್ಲ. ಜನಪದ ಗೀತೆಗಳ ಹಕ್ಕಿಗಳ ಮೇಲೆ ನೂರೆಂಬತ್ತು ಪುಟ ಬರೆದವಳು ನಾನು! ದೋಣಿ ನಡೆಸುವವರೇ ಹೇಳಿದರು: ಬಾಯಿಕಳಕ. ಕೊಕ್ಕು ಮುಚ್ಚಿದರೂ ನಡುವೆ ಸಂದು ಉಳಿಯುತ್ತದೆ, ಅದಕ್ಕೆ ಆ ಹೆಸರು. ಅಪ್ಪ ನನ್ನತ್ತ ನೋಡಲಿಲ್ಲ. ಬಂಡೆಯ ಮೇಲೆ ಮಲಗಿದ್ದ ಮೊಸಳೆಯನ್ನು ನೋಡುತ್ತ ಕೂತರು. ಅಷ್ಟು ದಾಕ್ಷಿಣ್ಯ ಅವರಿಗಿತ್ತು.

ಅವರು ಊರಿಗೆ ಹೊರಟ ದಿನ ಮದ್ದೂರಿನವರೆಗೆ ನಾನೂ ಹೋದೆ, ದಾರಿಯಲ್ಲಿ ಕೊಕ್ಕರೆ ಬೆಳ್ಳೂರು ತೋರಿಸುವ ನೆಪದಲ್ಲಿ. ಅಲ್ಲಿ ಬಲೆಯಿಲ್ಲ, ದೋಣಿಯಿಲ್ಲ. ಮನೆಗಳ ನಡುವಿನ ಹುಣಸೆ, ಆಲದ ಮರಗಳ ನೆತ್ತಿಯಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಗೂಡು ಕಟ್ಟಿದ್ದವು. ಮರಿಗಳ ಗಲಾಟೆ, ಮೀನಿನ ವಾಸನೆ, ಎಲೆಯ ಮೇಲೆಲ್ಲ ಸುಣ್ಣ ಬಳಿದಂಥ ಹಿಕ್ಕೆ. ಕೆಳಗೆ ಒಬ್ಬ ಹೆಂಗಸು ರಾಗಿ ಕೇರುತ್ತಿದ್ದರು.

ಅಪ್ಪನ ಕಣ್ಣು ಹಕ್ಕಿಗಿಂತ ಮೊದಲು ಮರಕ್ಕೆ ಹೋಯಿತು. ನಮ್ಮ ಬದುವಿನಲ್ಲೂ ಮೂರು ಹುಣಸೆ ಮರಗಳಿವೆ, ನನ್ನ ಎಂ.ಎ. ಫೀಸು ಕಟ್ಟಿದ್ದು ಅದರ ದುಡ್ಡಿನಲ್ಲೇ. ‘ಕಾಯಿ ಹಣ್ಣಾಗಿ ಉದುರ್ತಾ ಅದಲ್ಲ, ಬಡಿಸ್ಲಿಲ್ವೇನವ್ವ?’ ಎಂದು ಕೇಳಿದರು.

‘ಮರಿ ಇರೋ ಮರನ ಹೆಂಗ್ ಬಡ್ಸೋದು? ಹೆರಿಗೆಗೆ ತವರಿಗೆ ಬಂದವೆ. ಹಾರೋಗಂಟ ಇರ್ಲಿ.’

‘ನಷ್ಟ ಅಲ್ವಾ?’

‘ಸರ್ಕಾರದೋರು ಒಂದಷ್ಟು ಕೊಡ್ತಾರೆ. ಗೊಬ್ರ ಆಯ್ತದೆ’ ಎನ್ನುತ್ತ ಆಕೆ ಮೊರ ಕೊಡವಿದರು.

ಮರದಡಿ ಗುಂಡಿ ತೋಡಿ, ಬಿದ್ದ ಹಿಕ್ಕೆಗೆ ಕೆರೆಗೋಡು ಬೆರೆಸಿ ಹೊಲಕ್ಕೆ ಹಾಕುವುದು ಇಲ್ಲಿ ರೂಢಿ. ಅಪ್ಪ ಅದನ್ನು ಬಿಡದೆ ವಿಚಾರಿಸಿದರು. ಅಕ್ಕಪಕ್ಕದ ಮನೆಯವರೂ ಬಂದು ಕೂಡಿಕೊಂಡರು. ಒಂದು ಗಂಟೆ ಹೋದದ್ದೇ ತಿಳಿಯಲಿಲ್ಲ. ನಾನು ‘ತವರು’ ಎಂಬ ಮಾತನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಲು ಹೋಗಿ ಸುಮ್ಮನಾದೆ. ಆ ಪದದ ಮೇಲೆ ನನ್ನದೊಂದು ಇಡೀ ಅಧ್ಯಾಯವಿದೆ. ಮದುವೆಯಾಗದೆ, ಕೆಲಸವೂ ಇಲ್ಲದೆ ಇಪ್ಪತ್ತೆಂಟಕ್ಕೆ ಮನೆಗೆ ಹಿಂದಿರುಗುವವಳಿಗೆ ಅದು ತವರೋ, ಅಲ್ಲವೋ? ನನ್ನ ಅಧ್ಯಾಯದಲ್ಲಿ ಅಂಥವಳಿಲ್ಲ.

ಮದ್ದೂರು ಬಸ್‌ಸ್ಟ್ಯಾಂಡಿನಲ್ಲಿ ವಡೆ ತಿನ್ನುವಾಗ ಎಲ್ಲ ಹೇಳಿಬಿಟ್ಟೆ. ಅಪ್ಪ ವಡೆ ಮುಗಿಸಿ, ಕಾಗದಕ್ಕೆ ಕೈ ಒರೆಸಿಕೊಂಡರು.

‘ಪುಸ್ತಕ ಎಷ್ಟವೆ?’

‘ನಾಲ್ಕು ಬಾಕ್ಸು.’

‘ಬಸ್ಸಿಗೆ ಆಗಲ್ಲ. ಮುಂದಿನ ವಾರ ನಮ್ಮೂರ ಟೆಂಪೋ ಕಾಯಿ ಇಳಿಸಕ್ಕೆ ಮೈಸೂರಿಗೆ ಬರ್ತದೆ. ವಾಪಸ್ ಖಾಲಿನೇ ಹೋಗೋದು, ಅದ್ರಾಗೆ ಹಾಕು.’

ಅಷ್ಟರಲ್ಲಿ ಬಸ್ಸು ಬಂತು. ಹತ್ತಿದವರು ಕಿಟಕಿಯಿಂದ ಬಗ್ಗಿ ಕೂಗಿದರು, ‘ಅದೇನವ್ವ ಅದು, ಬಾಯಿ ಮುಚ್ಚದ ಹಕ್ಕಿ?’

‘ಬಾಯಿಕಳಕ.’

ಸೀಟಿನ ಪಕ್ಕದಲ್ಲಿದ್ದವರಿಗೆ ಆಗಲೇ ಹೇಳಲು ಶುರುಮಾಡಿದ್ದರು.